ಕಿಡಿ ಬಿದ್ದ ಬಿಳಿ ಕಾರು

ಕಾರು ಉಜ್ಜುವವನನ್ನು ಕಂಡರೆ ಜನಕ್ಕೆ ಎಲ್ಲಿಲ್ಲದ ಬುದ್ಧಿ ಬಂದುಬಿಡುತ್ತದೆ. ಕೊಳ್ಳೇಗಾಲದಲ್ಲಿ ಡೀಟೇಲಿಂಗ್ ಅಂಗಡಿ ಇಟ್ಟ ಮೇಲೆ ವಾರಕ್ಕೊಂದಾದರೂ ಇಂಥದ್ದು ನಡೆಯದೆ ಇರದು. ಪೇಂಟಿಗೆ ಕಚ್ಚಿಕೊಂಡ ಡಾಂಬರು, ಕಬ್ಬಿಣದ ಪುಡಿ ತೆಗೆಯುವುದು ನನ್ನ ಕಸುಬು. ಅಗರದ ನನ್ನ ಮಾವನಿಗೆ ಮಾತ್ರ ಅದು ಬರೀ ಕಾರು ತೊಳೆಯುವ ಕೆಲಸ. ಊರಿನಲ್ಲಿ "ಅಳಿಯ ಆಫೀಸಲ್ಲವ್ನೆ" ಅಂತ ಹೇಳಿಕೊಂಡು ಓಡಾಡುತ್ತಿದ್ದರು. ನನಗೆ ಉರಿಯುತ್ತಿತ್ತು.

೧. ಮೇಷ್ಟ್ರ ಕೈ

ಶಾಗ್ಯದ ಮೇಷ್ಟ್ರೊಬ್ಬರು ಕಾರು ತಂದು, "ಬೆಳಿಗ್ಗೇನೇ ತೊಳ್ದಿವ್ನಿ ಕಣ್ರಿ, ಪಾಲಿಶ್ ಒಂದು ಒಡೀರಿ ಸಾಕು" ಅಂದರು. ಅವರ ಕೈಗೆ ತೆಳು ಪ್ಲಾಸ್ಟಿಕ್ ಕವರು ತೊಡಿಸಿ ಬಾನೆಟ್ ಸವರಲು ಹೇಳಿದೆ. ಬರಿಗೈಗೆ ತಿಳಿಯದ ತರಿ ಕವರಿನಲ್ಲಿ ತಿಳಿಯುತ್ತದೆ.

"ಅಯ್ಯಯ್ಯೋ, ರವೆ ಚೆಲ್ದಂಗದಲ್ರೀ!" ಅಂದವರೇ ರಸ್ತೆಗಿಳಿದು, ನಿಂತಿದ್ದ ಕಾರುಗಳನ್ನೆಲ್ಲ ಸವರತೊಡಗಿದರು. ಒಬ್ಬ ಮಾಲೀಕ ಜಗಳಕ್ಕೆ ಬಂದ. ಮೇಷ್ಟ್ರು ಕವರನ್ನು ಅವನ ಕೈಗೇ ತೊಡಿಸಿದರು. ಐದು ನಿಮಿಷದಲ್ಲಿ ಅವನ ಕಾರೂ ನನ್ನ ಅಂಗಡಿಯಲ್ಲಿತ್ತು.

೨. ಬಿದ್ದ ಉಂಡೆ

ಕ್ಲೇ ಅಂತ ಒಂದು ಮೆತ್ತನೆಯ ಉಂಡೆ ಇದೆ. ಒದ್ದೆ ಮಾಡಿ ಸವರಿದರೆ ಕೊಳೆಯನ್ನು ಎಳೆದುಕೊಳ್ಳುತ್ತದೆ. ನೆಲಕ್ಕೆ ಬಿದ್ದರೆ ಮರಳು ಮೆತ್ತಿಕೊಂಡು ಪೇಂಟು ಗೀರುತ್ತದೆ, ಆದ್ದರಿಂದ ಬಿಸಾಡಲೇಬೇಕು. ಒಮ್ಮೆ ಹಾಗೆ ಬಿಸಾಡಿದಾಗ, ಮಗನ ಕಾರಿನ ಜೊತೆ ಬಂದಿದ್ದ ಸತ್ತೇಗಾಲದ ಅಜ್ಜಿ, "ಇಷ್ಟು ಚೆಂದಾಗಿರೋದ ಬಿಸಾಕ್ತಾನಲ್ಲ" ಅಂತ ಅದನ್ನು ಸೆರಗಿಗೆ ಕಟ್ಟಿಕೊಂಡರು. ಮುಂದಿನ ವಾರ ಮಗನ ಕೈಲಿ ಹೇಳಿ ಕಳಿಸಿದ್ದರು: "ಉಂಡೆ ಮೆತ್ತಿದ್ಮೇಲೆ ತೊಟ್ಟಿ ಸೋರೋದು ನಿಂತೋಯ್ತು. ಇನ್ನೊಂದ ಬೀಳ್ಸು ಅನ್ನು."

೩. ಅಗರದ ಹಿತ್ತಿಲು

ಮಾವ ಮನೆಗೆ ಗೇಟು ಮಾಡಿಸುವಾಗ ಕಬ್ಬಿಣ ಕೊಯ್ಯುವ ಗ್ರೈಂಡರ್ ಕಿಡಿಯೆಲ್ಲ ಪಕ್ಕದಲ್ಲಿದ್ದ ಅವರ ಹೊಸ ಬಿಳಿ ಕಾರಿನ ಮೇಲೆ ಬಿದ್ದು, ತುಕ್ಕು ಹಿಡಿದು ಮೈತುಂಬ ಕಿತ್ತಳೆ ಚುಕ್ಕಿ. ಅತ್ತೆ ಹಿತ್ತಾಳೆ ಚೊಂಬು ಬೆಳಗುವ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿಯೂ ಆಗಿತ್ತು. ಕೊನೆಗೆ ನನಗೆ ಮಾವನ ಫೋನ್. "ಬನ್ನಿ ಅಳೀಮಯ್ಯ, ಆದ್ರೆ ಇತ್ಲಲ್ಲಿ ಮಾಡಿ. ಊರೋರು ನೋಡದು ಬ್ಯಾಡ."

ಹುಲ್ಲಿನ ಮೆದೆಯ ಹಿಂದೆ ಕಾರು ನಿಲ್ಲಿಸಿ, ಕಬ್ಬಿಣದ ಪುಡಿ ಕರಗಿಸುವ ದ್ರಾವಣ ಸಿಂಪಡಿಸಿದೆ. ಕಬ್ಬಿಣ ಸಿಕ್ಕಿದರೆ ಅದು ನೇರಳೆ ಬಣ್ಣಕ್ಕೆ ತಿರುಗುತ್ತದೆ ಅಂತ ಮೊದಲೇ ಹೇಳಲು ಮರೆತೆ. ಮರೆತೆನೋ, ಬೇಕೆಂದೇ ಬಿಟ್ಟೆನೋ, ಈಗ ಕೇಳಬೇಡಿ.

ಬಿಳಿ ಕಾರಿನಿಂದ ನೇರಳೆ ನೀರು ಇಳಿಯತೊಡಗಿತು. "ಅಯ್ಯೋ, ನನ್ ಕಾರ್ ಕರಗೋಯ್ತಾ ಅದೆ, ಬನ್ರಪ್ಪೋ!" ಅಂತ ಮಾವ ಕೂಗಿದ್ದಕ್ಕೆ ಬೀದಿಗೆ ಬೀದಿಯೇ ಹಿತ್ತಿಲಿಗೆ ನುಗ್ಗಿತು. ಬಕೆಟ್ ಹಿಡಿದು ನಿಂತ ಅಳಿಯನನ್ನು ಎಲ್ಲರೂ ಕಣ್ತುಂಬ ನೋಡಿದರು. "ಇದೇನಾ ನಿಮ್ಮಳಿಯನ ಆಫೀಸು?" ಅಂದರು ಎದುರು ಮನೆಯವರು. ಮಾವ ತಲೆ ತಗ್ಗಿಸಿದರು.

ನಾನು ನೀರು ಹಾಕಿ ತೊಳೆದು ಕ್ಲೇ ಸವರಿದೆ. ಒಂದು ಚುಕ್ಕಿಯೂ ಉಳಿಯಲಿಲ್ಲ. ಮಾವನ ಕೈಗೆ ಕವರು ತೊಡಿಸಿದೆ. ಸವರಿದರು. ಮತ್ತೊಮ್ಮೆ ಸವರಿದರು. ಆಮೇಲೆ ಎದುರು ಮನೆಯವರನ್ನು ಹಿಡಿದೆಳೆದು, "ಬಾ, ನೀನೂ ಮುಟ್ನೋಡು. ನಮ್ಮಳಿಯನ ಕೈಕೆಲ್ಸ ಕಣಯ್ಯಾ!" ಅಂದರು. ನನ್ನ ಎದೆ ಉಬ್ಬಿಹೋಯಿತು.

ಮುಂದಿನ ಭಾನುವಾರ ಮಾವನ ಫೋನ್: "ಅಳೀಮಯ್ಯ, ಊರಿಂದ ಒಂಟೀವಿ." ಅಕ್ಕಿ ಅಳೆಯುತ್ತಿದ್ದ ನನ್ನ ಹೆಂಡತಿ, "ಎಷ್ಟು ಜನ ಅಂತ ಕೇಳಿ" ಅಂದಳು. ಕೇಳಿದೆ.

"ಜನ ಎಣ್ಸಿಲ್ಲ. ಏಳ್ ಕಾರ್ ಅವೆ."