ಸೇತುವೆಯ ಮೇಲಿಂದ ಓಡಿದವನ ಹೇಳಿಕೆ

ಮನುಷ್ಯ ಎಂಥವನು ಎನ್ನುವುದು ಅವನಿಗೆ ತಿಳಿಯುವ ಮೊದಲೇ ಅವನ ಕೈಬೆರಳುಗಳಿಗೆ ತಿಳಿದಿರುತ್ತದೆ ಎಂದು ನಾನು ಈಚೆಗೆ ನಂಬತೊಡಗಿದ್ದೇನೆ. ಬಾಯಿಗಾದರೆ ಸುಳ್ಳು ಜೋಡಿಸಲು ಸ್ವಲ್ಪ ಪುರುಸೊತ್ತು ಬೇಕು. ಮುಖಕ್ಕೆ ಧೈರ್ಯ ತಂದುಕೊಳ್ಳಲು ಒಮ್ಮೆ ಗಂಟಲು ಸರಿಮಾಡಿಕೊಳ್ಳಬೇಕು. ಬೆರಳುಗಳಿಗೆ ಇದಾವುದೂ ಬೇಡ, ಒಳಗಿದ್ದದ್ದನ್ನು ನೆಟ್ಟಗೆ ಹೊರಗೆ ಹಾಕಿಬಿಡುತ್ತವೆ. ನಾನು ವಿಮಾ ಕಂಪನಿಯೊಂದರಲ್ಲಿ ನಷ್ಟ ಪರಿಶೀಲಿಸುವ ಅಧಿಕಾರಿ. ಸುಟ್ಟ ಗೋದಾಮು, ನೆನೆದ ಹತ್ತಿ, ಮಗುಚಿದ ಟ್ಯಾಂಕರುಗಳ ಮುಂದೆ ನಿಂತು ಕಂಡದ್ದನ್ನು ಕಂಡಷ್ಟೇ ಬರೆಯುವುದು ನನ್ನ ಕೆಲಸ. ಇದನ್ನೂ ಹಾಗೆಯೇ ಬರೆಯಲು ಪ್ರಯತ್ನಿಸುತ್ತೇನೆ. ತೊಡಕು ಒಂದೇ. ಈ ಸಲ ಬೆಂಕಿ ಹಚ್ಚಿದವನೂ ವರದಿ ಬರೆಯುವವನೂ ಒಬ್ಬನೇ.

ನನ್ನ ಹೆಂಡತಿ ಗಿರಿಜಾ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ನನಗೆ ವಡೋದರಾಕ್ಕೆ ವರ್ಗವಾಯಿತು. "ಆರೇ ತಿಂಗಳು, ಆಮೇಲೆ ವಾಪಸ್ ಕರೆಸಿಕೊಳ್ತೀವಿ" ಎಂದು ಮೇಲಧಿಕಾರಿಗಳು ಹೇಳಿದ್ದರು. ಹಾಗೆ ಹೇಳಿದ ಅಧಿಕಾರಿಗಳಿಗೇ ಆಮೇಲೆ ಎರಡು ಸಲ ವರ್ಗವಾಯಿತು, ನಾನು ಅಲ್ಲೇ ಉಳಿದೆ. ಶನಿವಾರ ರೈಲು ಹತ್ತುವುದು, ಸೋಮವಾರ ರೈಲು ಹತ್ತುವುದು. ಯಾವ ಕಡೆಗೆ ಹೋಗುತ್ತಿದ್ದೇನೆ ಎಂಬುದು ಕೈಯಲ್ಲಿರುವ ಬಟ್ಟೆ ಒಗೆದದ್ದೋ ಒಗೆಯಬೇಕಾದದ್ದೋ ಎಂಬುದರ ಮೇಲೆ ಗೊತ್ತಾಗಬೇಕು, ಅಷ್ಟು ದಣಿವು. ನಡುವಿನ ದಿನಗಳಲ್ಲಿ ಫೋನ್ ಇತ್ತು. ಆದರೆ ಮದುವೆಯಾಗಿ ನಾಲ್ಕು ವರ್ಷವಾದವರು ಫೋನಿನಲ್ಲಿ ಏನು ಮಾತಾಡಬಲ್ಲರು? "ಊಟ ಆಯ್ತಾ?" "ಆಯ್ತು. ನಿಮ್ದು?" "ಆಯ್ತು." ಆಮೇಲೆ ಇಬ್ಬರೂ ಒಬ್ಬರ ಉಸಿರನ್ನು ಇನ್ನೊಬ್ಬರು ಕೇಳುತ್ತ ಕೂರುವುದು. ಜೊತೆಯಲ್ಲಿ ಮಾಡಲು ಒಂದು ಕೆಲಸವಿಲ್ಲದಿದ್ದರೆ ಗಂಡಹೆಂಡಿರಿಗೆ ಮಾತೇ ಹುಟ್ಟುವುದಿಲ್ಲ ಎಂಬುದು ನನಗೆ ಆಗ ಗೊತ್ತಾಯಿತು. ಹೀಗಾಗಿ ಬೇರೆ ಬೇರೆ ಊರುಗಳಲ್ಲಿ ಕೂತವರು ಇಂಟರ್ನೆಟ್ಟಿನಲ್ಲಿ ಒಟ್ಟಿಗೆ ಆಡುವ ಒಂದು ಕಂಪ್ಯೂಟರ್ ಆಟವನ್ನು ಅವಳಿಗೆ ಹಚ್ಚಿಸಿದವನು ನಾನೇ. ಮನೆಗೆ ಆಗಷ್ಟೇ ಬ್ರಾಡ್‌ಬ್ಯಾಂಡ್ ಬಂದಿತ್ತು, ಅವಳು ಅಲ್ಲಿಂದ ಆಡುತ್ತಿದ್ದಳು. ನಾನು ವಡೋದರಾದ ಅಲ್ಕಾಪುರಿಯಲ್ಲಿ ನಮ್ಮ ಆಫೀಸಿನ ಪಕ್ಕದ ಸೈಬರ್ ಕೆಫೆಯಿಂದ ಆಡುತ್ತಿದ್ದೆ. ಸಂಜೆ ಆರೂವರೆಯಿಂದ ಎಂಟರವರೆಗೆ ನಾವಿಬ್ಬರೂ ಒಂದೇ ಕಾಡಿನಲ್ಲಿ ಜೊತೆಯಾಗಿ ನಡೆಯುತ್ತಿದ್ದೆವು. ಅವಳು ಗಾಯ ಮಾಯಿಸುವ ವೈದ್ಯೆ, ನಾನು ಕತ್ತಿ ಹಿಡಿದು ಮುಂದೆ ನಿಲ್ಲುವ ಭಟ.

ಆಟ ಹೊಸದು, ನಾನು ಹೊಸಬನಲ್ಲ. ಕಾಲೇಜಿನಲ್ಲಿದ್ದಾಗ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಾಗಿದ್ದ ಕಂಪ್ಯೂಟರ್ ಕೋಣೆಯಲ್ಲಿ, ಇಂಥದ್ದನ್ನೇ ಬರೀ ಅಕ್ಷರಗಳಲ್ಲಿ ಆಡಿದವನು ನಾನು. ಕಪ್ಪು ಪರದೆ, ಹಸಿರು ಅಕ್ಷರ. "ನೀನು ಕಲ್ಲಿನ ಕೋಣೆಯಲ್ಲಿದ್ದೀಯೆ. ಇಲ್ಲೊಂದು ಇಲಿ ಇದೆ" ಎಂದು ಇಂಗ್ಲಿಷಿನಲ್ಲಿ ಮೂಡುತ್ತಿತ್ತು. ಇಲಿಯನ್ನು ಕೊಲ್ಲು ಎಂದು ನಾವು ಟೈಪು ಮಾಡಬೇಕು. ಬೇರೆ ದೇಶಗಳಲ್ಲಿ ಕೂತ ಇನ್ಯಾರೋ ಅದೇ ಕೋಣೆಗೆ ಬಂದು ನಮಸ್ಕರಿಸಿ ಅದೇ ಇಲಿಗೆ ಕೈಹಾಕುತ್ತಿದ್ದರು. ಚಿತ್ರ ಒಂದೂ ಇರಲಿಲ್ಲ. ಆದರೂ ಆ ಇಲಿಯ ಮೀಸೆ ನನಗೆ ಇಂದಿಗೂ ನೆನಪಿದೆ.

ಹೊಸ ಆಟದಲ್ಲಿ ಮರ, ನೀರು, ಬಿಸಿಲು, ಕುದುರೆಯ ಬಾಲ ಎಲ್ಲವೂ ಕಣ್ಣಿಗೆ ಕಾಣುತ್ತಿದ್ದವು. ಆದರೆ ಒಂದು ವಾರ ಆಡುವುದರೊಳಗೆ ನನಗೆ ಹಳೆಯ ಮನೆಗೆ ಸುಣ್ಣಬಣ್ಣ ಹೊಡೆದು ತೋರಿಸುತ್ತಿದ್ದಾರೆ ಅನ್ನಿಸಿತು. ಕೊಂದು ಕೊಂದು ಒಂದೊಂದು ಮಟ್ಟ ಮೇಲೇರುವುದು ನಮ್ಮದು. ಆಯುಷ್ಯವನ್ನು ಅಂಕಿಯಲ್ಲಿ ಅಳೆಯುವುದು ನಮ್ಮದು. ಸತ್ತ ಪ್ರಾಣಿಯ ಹೊಟ್ಟೆಯಲ್ಲಿ ಯಾಕೋ ಒಂದು ಚರ್ಮದ ಬೂಟು ಸಿಗುವುದಂತೂ ಖಂಡಿತ ನಮ್ಮದು. ಭಟ ಮುಂದೆ, ವೈದ್ಯೆ ಹಿಂದೆ. ಅಪರಿಚಿತರು ಸೇರಿ ಸಂಘ ಕಟ್ಟಿಕೊಳ್ಳುವುದು, ಬೇಟೆ ಬಿಟ್ಟು ಹರಟುತ್ತ ಕೂರುವುದು, ಒಂದು ಪದ ಟೈಪಿಸಿದರೆ ಬೊಂಬೆ ಬಗ್ಗಿ ನಮಸ್ಕರಿಸುವುದು, ಎಲ್ಲವೂ. ಹೊಸ ಆಟ ಕಟ್ಟಿದವರಲ್ಲಿ ಅನೇಕರು ಹುಡುಗರಾಗಿದ್ದಾಗ ನಮ್ಮ ಹಾಗೆಯೇ ಅಕ್ಷರದ ಇಲಿ ಹೊಡೆದವರು. ಇದನ್ನು ನಾನು ದಿನಾ ಗಿರಿಜಾಳಿಗೆ ವಿವರಿಸುತ್ತಿದ್ದೆ. ಅವಳು ಮೊದಲು "ಹೌದಾ" ಎನ್ನುತ್ತಿದ್ದಳು. ಆಮೇಲೆ "ಹೂಂ" ಎಂದಳು. ಕೊನೆಗೊಂದು ದಿನ, "ರೀ, ಹಲ್ಲಿನ ಡಾಕ್ಟ್ರ ಹತ್ರ ಕರ್ಕೊಂಡ್ ಹೋದ್ರೂ ಆ ಕುರ್ಚಿ ನಿಮ್ಮ ಆಟದಿಂದ್ಲೇ ಬಂದಿದ್ದು ಅಂತೀರಿ ನೀವು" ಎಂದಳು. ಆ ಹೊತ್ತಿಗೆ ಅವಳು ನಲವತ್ತನೆಯ ಮಟ್ಟದಲ್ಲಿದ್ದಳು. ಇತಿಹಾಸ ಬಲ್ಲ ನಾನು ಹತ್ತೊಂಬತ್ತರಲ್ಲಿದ್ದೆ.

ಹಳೆಯದರಿಂದ ಹೊಸದಕ್ಕೆ ಬಾರದ ಒಂದು ಸೌಕರ್ಯದ ಬಗ್ಗೆ ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ. ಅಕ್ಷರದ ಆಟಗಳಲ್ಲಿ ಪುಕ್ಕಲರಿಗಾಗಿ ಒಂದು ಏರ್ಪಾಡಿತ್ತು. ಆಯುಷ್ಯ ಇಷ್ಟಕ್ಕೆ ಇಳಿದರೆ ನನ್ನನ್ನು ಓಡಿಸು ಎಂದು ಮೊದಲೇ ಒಂದು ಅಂಕಿ ಬರೆದಿಟ್ಟರೆ ಸಾಕು, ಆ ಅಂಕಿ ಮುಟ್ಟಿದ ಕೂಡಲೇ ನಮ್ಮ ವೀರ ತಾನಾಗಿ ಕಾಲಿಗೆ ಬುದ್ಧಿ ಹೇಳುತ್ತಿದ್ದ. ಉಳಿದವರು ಅದನ್ನು ಸಾವಿನ ಅಂಚಿಗೆ ಇಡುತ್ತಿದ್ದರು. ನಾನು ಆಟ ಎಷ್ಟಕ್ಕೆ ಅನುಮತಿ ಕೊಡುತ್ತಿತ್ತೋ ಅಷ್ಟಕ್ಕೂ ಏರಿಸಿ ಇಟ್ಟಿದ್ದೆ. ಇಲಿ ಗುರಾಯಿಸಿದರೂ ನನ್ನ ವೀರ ಪಕ್ಕದ ಕೋಣೆಯಲ್ಲಿರುತ್ತಿದ್ದ.

ಇನ್ನು ಆ ಬುಧವಾರ. ನಮ್ಮ ಸಂಘದ ಮುಖ್ಯಸ್ಥೆ ಸೂರತ್‌ನ ಹಂಸಾಬೆನ್. ಐವತ್ತು ದಾಟಿದವರು, ಸೀರೆಗೆ ಕಸೂತಿ ಹಾಕಿಸುವ ಕಾರ್ಖಾನೆ ನಡೆಸುವವರು, ಆಟದಲ್ಲಿ ಬೆಂಕಿ ಎಸೆಯುವ ಮಾಂತ್ರಿಕೆ. ಅಹಮದಾಬಾದಿನ ಚಾಂದ್‌ಖೇಡಾದ ಪರೇಶ್‌ಭಾಯಿ ಬಿಲ್ಲುಗಾರ. ನಾವು ನಾಲ್ವರೂ ಮೂರು ವಾರ ತಯಾರಾಗಿ ಒಂದು ಕಲ್ಲುಸೇತುವೆಯ ಮೇಲೆ ಮೂರು ತಲೆಯ ಮೃಗವೊಂದನ್ನು ಎದುರಿಸಿದೆವು. ನಾನು ಮುಂದೆ, ಗಿರಿಜಾ ನನ್ನ ಬೆನ್ನ ಹಿಂದೆ. ಮೃಗ ನನ್ನನ್ನು ಎರಡು ಸಲ ಕಚ್ಚಿತು. ನನ್ನ ಆಯುಷ್ಯದ ಹಸಿರು ಪಟ್ಟಿ ಇನ್ನೂ ಮುಕ್ಕಾಲು ಭಾಗ ಇತ್ತು, ಗಿರಿಜಾ ಅದನ್ನು ತುಂಬಿಸುತ್ತಲೂ ಇದ್ದಳು. ಮೂರನೆಯ ತಲೆ ನನ್ನ ಕಡೆ ತಿರುಗಿತು. ತಿರುಗಿತು ಅಷ್ಟೇ, ಕಚ್ಚಲಿಲ್ಲ. ಅಷ್ಟರಲ್ಲಿ ನನ್ನ ಬೆರಳುಗಳು ಇಂಗ್ಲಿಷಿನ 'ಎನ್' ಅಕ್ಷರವನ್ನು ನಾಲ್ಕು ಸಲ ಒತ್ತಿದವು. ಹಳೆಯ ಆಟದಲ್ಲಿ ಉತ್ತರ ದಿಕ್ಕಿಗೆ ಹೋಗಬೇಕಾದರೆ ಒತ್ತುತ್ತಿದ್ದುದು ಅದನ್ನೇ. ಹೊಸ ಆಟದಲ್ಲಿ ಅದರಿಂದ ಒಂದು ಹೆಜ್ಜೆಯೂ ಮುಂದೆ ಹೋಗಲಾಗದು. ನಾಲ್ಕು ಅಕ್ಷರ ಎಲ್ಲರೂ ಓದುವ ಮಾತಿನ ಪಟ್ಟಿಯಲ್ಲಿ ಮೂಡಿದವು. ಆಮೇಲೆ ಮೌಸ್ ಹಿಡಿದು ಸೇತುವೆ ದಾಟಿ ನಿಜವಾಗಿಯೇ ಓಡಿದೆ. ಹಂಸಾಬೆನ್ ಎಸೆದ ಬೆಂಕಿಯ ಹೊಗೆಯಲ್ಲಿ ಯಾರೂ ನೋಡಲಿಲ್ಲ. ಕಂಪ್ಯೂಟರ್ ಆರಿಸಿ ಎದ್ದು, ಕೆಫೆಯ ಯಜಮಾನರಿಗೆ ದುಡ್ಡು ಕೊಟ್ಟು ಹೊರಬಿದ್ದೆ.

ಐದು ನಿಮಿಷದಲ್ಲಿ ಗಿರಿಜಾ ಫೋನ್ ಮಾಡಿದಳು. "ಏನಾಯ್ತ್ರೀ? ಹುಷಾರಾಗಿದೀರಾ?"

"ಲೈನ್ ಹೋಯ್ತು" ಎಂದೆ.

"ನಾನೂ ಅದೇ ಅಂದ್ಕೊಂಡೆ. ನಾವು ಮೂರೂ ಜನ ಸತ್ವಿ. ಹೋಗ್ಲಿ ಬಿಡಿ, ಬಿಸಿಯಾಗಿ ಏನಾದ್ರೂ ತಿನ್ನಿ."

ಬೈದಿದ್ದರೆ ಚೆನ್ನಾಗಿತ್ತು. ಬಿಸಿಯಾಗಿಯೇ ತಿಂದೆ.

ಎಲ್ಲರಿಗೂ ಮಧ್ಯವಾಗುವ ಊರು ವಡೋದರಾ ಎಂದು ಭಾನುವಾರ ಅಲ್ಕಾಪುರಿಯ ಒಂದು ಹೋಟೆಲಿನಲ್ಲಿ ಸೇರುವುದೆಂದಾಯಿತು, ಹಾಗಾಗಿ ಆ ವಾರ ನಾನು ಮನೆಗೆ ಹೋಗಲಿಲ್ಲ. ಅಲ್ಲಿಯವರೆಗೆ ಗಂಡಹೆಂಡಿರಾದ ನಾವಿಬ್ಬರನ್ನು ಬಿಟ್ಟರೆ ಯಾರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಪರೇಶ್‌ಭಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆಟದಲ್ಲಿ ನಿಮಗೆ ಭುಜ ಇತ್ತಲ್ಲ?" ಎಂದರು. ಮಾತೆಲ್ಲ ನಡೆದದ್ದು ಹಿಂದಿ, ಗುಜರಾತಿಗಳ ಬೆರಕೆಯಲ್ಲಿ, ನಾನು ಕನ್ನಡದಲ್ಲಿ ಕೊಡುತ್ತಿದ್ದೇನೆ. ಹಂಸಾಬೆನ್ ಕಡಲೆಹಿಟ್ಟಿನ ಖಮಣ್ ತಿಂಡಿ ತರಿಸಿ ಎಲ್ಲರ ತಟ್ಟೆಗೂ ತಾವೇ ಬಡಿಸಿದರು. ಬಡಿಸಿ ಮುಗಿಸಿ ನೇರವಾಗಿ ಹೇಳಿದರು: "ನೋಡಿ, ಮೂರು ಜನ ಒಟ್ಟಿಗೆ ಸಾಯುವುದು ಅಂದರೆ ವೈದ್ಯೆಯ ತಪ್ಪು. ಗಿರಿಜಾಬೆನ್, ಬೇಜಾರು ಮಾಡ್ಕೋಬೇಡಿ ಬೇಟಾ, ಸೂರತ್‌ನಲ್ಲಿ ಇನ್ನೊಬ್ಬಳು ವೈದ್ಯೆ ಸಿಕ್ಕಿದ್ದಾಳೆ. ನಿಮ್ಮನ್ನು ಬಿಡಬೇಕಾಗ್ತದೆ."

ಬಿಟ್ಟರೆ ನಮ್ಮ ಆರೂವರೆಯಿಂದ ಎಂಟು ಹೋಯಿತು. ಮತ್ತೆ "ಊಟ ಆಯ್ತಾ", "ಆಯ್ತು". ನಾನು ತಟ್ಟೆ ನೋಡಿದೆ. ಗಿರಿಜಾ ಮೆಲ್ಲಗೆ, "ಹೌದು ಬೆನ್, ಇವರ ಲೈನ್ ಹೋಗಿದ್ದು ನಾನು ಗಮನಿಸಬೇಕಿತ್ತು. ಮೃಗ ನೇರವಾಗಿ ನನ್ನ ಮೇಲೆ ಬಂತು. ತಪ್ಪು ನನ್ನದೇ" ಎಂದಳು. ತರಗತಿಯಲ್ಲಿ ಒಂದು ಅಂಕವನ್ನೂ ಬಿಟ್ಟುಕೊಡದ ಹೆಂಗಸು ಅವಳು. ನಾನು ಆಗಲೂ ಬಾಯಿಬಿಡಲಿಲ್ಲ. ಸಾಕ್ಷಿಯಾಗಿ ಇದನ್ನು ದಾಖಲಿಸಬೇಕು: ಖಮಣ್‌ನ ಎರಡನೆಯ ತುಂಡು ಮುರಿಯುತ್ತಿದ್ದೆ.

"ಪಾಪ, ಇವರದು ಲೈನ್ ಮಾತ್ರ ಅಲ್ಲ, ಕೀಬೋರ್ಡೂ ಕೆಟ್ಟಿತ್ತು" ಎಂದರು ಪರೇಶ್‌ಭಾಯಿ ನನ್ನ ಪರವಾಗಿ. "ಹೋಗುವ ಮೊದಲು ನಾಲ್ಕು ಸಲ 'ಎನ್' ಬಂದಿತ್ತು. ಗುಂಡಿ ಅಂಟಿಕೊಂಡಿರಬೇಕು."

ನಾನು ಸುಮ್ಮನೆ ತಲೆಯಾಡಿಸಿದ್ದರೆ ಮುಗಿದಿತ್ತು. "ಅಂಟಿಕೊಂಡಿದ್ದಲ್ಲ" ಎಂದುಬಿಟ್ಟೆ. "ಅದಕ್ಕೊಂದು ಇತಿಹಾಸ ಇದೆ. ಮೊದಲು ಅಕ್ಷರದ ಆಟಗಳಿದ್ದವಲ್ಲ, ಅವುಗಳಲ್ಲಿ ಉತ್ತರ ದಿಕ್ಕಿಗೆ ಹೋಗೋದಕ್ಕೆ ಎನ್ ಒತ್ತುತ್ತಿದ್ದೆವು. ನಾಲ್ಕು ಸಲ ಒತ್ತಿದರೆ ನಾಲ್ಕು ಕೋಣೆ ದೂರ. ಹಳಬರ ಕೈಗೆ ಅದು ಇವತ್ತಿಗೂ…"

ಹಂಸಾಬೆನ್ ಕಣ್ಣುಮುಚ್ಚಿ ಗಾಳಿಯಲ್ಲಿ ಬೆರಳಿನಿಂದ ಸೇತುವೆಯ ನಕ್ಷೆ ಬರೆದರು. "ಮೃಗ ದಕ್ಷಿಣದಲ್ಲಿತ್ತು" ಎಂದರು.

"ಹೂಂ" ಎಂದರು ಪರೇಶ್‌ಭಾಯಿ.

"ಭಾಯಿ, ಸಾಚು ಬೋಲೋ. ನಿಜ ಹೇಳಿ. ಲೈನ್ ಹೋಯಿತೋ, ನೀವು ಹೋದಿರೋ?" ಎಂದರು ಹಂಸಾಬೆನ್.

"ನಾನು ಹೋದೆ" ಎಂದೆ.

ಮುಂದೆ ನಾನು ಇದನ್ನು ಹೆಂಡತಿಯನ್ನು ಉಳಿಸಲು ಮಾಡಿದ ತಪ್ಪೊಪ್ಪಿಗೆ ಎಂದು ಹಲವರಿಗೆ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಅವಳು ನನ್ನ ತಪ್ಪು ಹೊತ್ತುಕೊಂಡಾಗ ತೆರೆಯದ ಬಾಯಿ, ಆಟದ ಇತಿಹಾಸವನ್ನು ಯಾರೋ ತಪ್ಪಾಗಿ ಹೇಳಿದ ಕೂಡಲೇ ತೆರೆದುಕೊಂಡಿತು. ಪರೇಶ್‌ಭಾಯಿ ನಗಲು ಶುರುಮಾಡಿ ನಿಲ್ಲಿಸಲಾಗದೆ ನೀರು ಕುಡಿದರು. ಹಂಸಾಬೆನ್ ಗಿರಿಜಾಳ ತಟ್ಟೆಗೆ ಇನ್ನೆರಡು ತುಂಡು ಹಾಕಿ, "ನೀನೇ ಇರು ಬೇಟಾ. ಇವರ ಜೊತೆ ಇಷ್ಟು ದಿನ ಬದುಕಿದ್ದೀಯಲ್ಲ, ಒಳ್ಳೆಯ ವೈದ್ಯೆಯೇ" ಎಂದರು. ನನ್ನ ತಟ್ಟೆಗೆ ಏನೂ ಬೀಳಲಿಲ್ಲ.

ಸಂಜೆ ಅಹಮದಾಬಾದಿನ ರೈಲಿಗೆ ಗಿರಿಜಾಳನ್ನು ಹತ್ತಿಸಲು ಹೋದೆ. ಪ್ಲಾಟ್‌ಫಾರ್ಮಿನಲ್ಲಿ ಅವಳು ತನ್ನ ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡಳು. ಆಮೇಲೆ, "ಓಡಿದ್ರಿ, ಆಯ್ತು. ನಂಗೂ ಭಯ ಆಗಿತ್ತು" ಎಂದಳು. "ಫೋನ್ ಮಾಡ್ದಾಗ ಹೇಳ್ಬೋದಿತ್ತಲ್ವಾ? ನಾಲ್ಕು ದಿನ ನಿಮ್ಮ ಕೆಫೆಯವ್ರನ್ನ ಬೈಕೊಂಡು ಓಡಾಡಿದೀನಿ."

"ನಾಚಿಕೆ ಆಯ್ತು."

"ಇನ್ಮೇಲೆ ಭಯ ಆದ್ರೆ ಭಯ ಆಯ್ತು ಅಂತ ಟೈಪ್ ಮಾಡಿ. ಕನ್ನಡದಲ್ಲೇ ಮಾಡಿ, ಅವ್ರಿಗೆ ಅರ್ಥ ಆಗಲ್ಲ." ರೈಲು ಬಂತು. ಬಾಗಿಲಲ್ಲಿ ನಿಂತು ತಿರುಗಿ, "ನಾಳೆ ಆರೂವರೆಗೆ. ನಾನು ಮುಂದೆ ನಿಲ್ತೀನಂತೆ, ನೀವು ಹಿಂದೆ. ಹಂಸಾಬೆನ್ ಹೇಳಿದಾರೆ" ಎಂದಳು.

ಹಾಗೆಯೇ ನಡೆಯುತ್ತಿದೆ. ಅಕ್ಷರದ ಕಾಲದಿಂದ ಚಿತ್ರದ ಕಾಲದವರೆಗೆ ಭಟ ಮುಂದೆ, ವೈದ್ಯೆ ಹಿಂದೆ ಎಂಬ ನಿಯಮವನ್ನು ನಾನು ಕಂಡಂತೆ ಯಾರೂ ಮುರಿದಿರಲಿಲ್ಲ. ನನ್ನ ನಿಮಿತ್ತ ಸೂರತ್‌ನ ಹಂಸಾಬೆನ್ನರ ಸಂಘ ಆ ನಿಯಮವನ್ನು ಮುರಿಯಿತು. ಈ ಆಟಗಳ ಇತಿಹಾಸಕ್ಕೆ ನನ್ನ ಕೊಡುಗೆ ಎಂದು ಏನಾದರೂ ಇದ್ದರೆ ಇಷ್ಟೇ. ಗಿರಿಜಾ ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುತ್ತ ಮೃಗಗಳ ಎದುರು ನಿಲ್ಲುತ್ತಾಳೆ. ನಾನು ಕಬ್ಬಿಣದ ಕವಚ ತೊಟ್ಟು, ದೊಡ್ಡ ಕತ್ತಿ ಹಿಡಿದು ಅವಳ ಬೆನ್ನ ಹಿಂದೆ ನಿಂತು, ಭಯವಾದಾಗಲೆಲ್ಲ ಅದನ್ನು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಪ್ರಾಮಾಣಿಕವಾಗಿ ಟೈಪು ಮಾಡುತ್ತೇನೆ. ವ್ಯವಸ್ಥೆ ಎಲ್ಲರಿಗೂ ಒಪ್ಪಿಗೆಯಾಗಿದೆ. ಹಿಂದೆ ನಿಂತವನಿಗೆ ಓಡುವ ದಾರಿ ಇನ್ನೂ ಹತ್ತಿರ ಎಂಬುದನ್ನು ಯಾರೂ ಗಮನಿಸಿದಂತಿಲ್ಲ. ನಾನೂ ಎತ್ತಿ ಹೇಳಿಲ್ಲ.