ರೆಡಿಮೇಡ್ ತುಳಸಿಕಟ್ಟೆ

"ರೆಡಿಮೇಡ್ ಕಟ್ಟೆ ನಂಗೆ ಬ್ಯಾಡ. ನೀವೇ ಕಟ್ಟಿ."

ಹೆಂಡತಿ ನನಗೆ ಹೇಳಿದ ಕೊನೆಯ ಮಾತು. ನಾನು ಅಂಕೋಲಾ ಕಡೆಯ ಗವಂಡಿ, ಚಿರೆಕಲ್ಲಿನ ಗೋಡೆ ಕಟ್ಟುವವನು. ಗೋಡೆ ನೇರ ಬರಲೆಂದು ಎಳೆಯುವ ದಾರದ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ನಾನು ಸಡಿಲ ಬಿಟ್ಟರೆ ಬೈಗುಳ. ಹಾಗೇ ಆಯುಷ್ಯ ಹೋಯಿತು. ಈಗ ಗೋಡೆಗಳು ಫ್ಯಾಕ್ಟರಿಯಲ್ಲೇ ತಯಾರಾಗಿ ಲಾರಿ ಹತ್ತಿ ಬರುತ್ತವೆ. ಜೊತೆಗೆ ನಗುವಂಥದ್ದೂ ಬರುತ್ತದೆ.

ಅಪ್ಪನ ಕುರ್ಚಿ

ಬೊಬ್ರುವಾಡದಲ್ಲಿ ಗೇರುಬೀಜದ ವ್ಯಾಪಾರಿಯೊಬ್ಬ ರೆಡಿಮೇಡ್ ಮನೆ ನಿಲ್ಲಿಸಿದ. ನನ್ನನ್ನು ಕರೆದು ತೋರಿಸಿದ.

"ನೀ ಪಾಯ ತೋಡುವುದರೊಳಗೆ ನಮ್ಮದು ಮನೆ ಒಕ್ಕಲೇ ಆಯ್ತು, ಕಂಡ್ಯಾ?"

ಕಂಡೆ. ತೀರಿಹೋದ ತನ್ನ ಅಪ್ಪನ ಫೋಟೋ ತೂಗಲು ಮೊಳೆ ಹೊಡೆದ. ಗೋಡೆಯೊಳಗೆ ಬರೀ ಥರ್ಮಾಕೋಲು. ಮೊಳೆ ಪೂರ್ತಿ ಒಳಗೆ ಹೋಯಿತು, ಫೋಟೋ ಕೆಳಗೆ ಬಂತು. ಕಂಪನಿಯವನು ಫೋನಿನಲ್ಲಿ, "ಮೊಳೆ ಹೊಡೆದರೆ ಗ್ಯಾರಂಟಿ ಇಲ್ಲ" ಅಂದ. ಫೋಟೋವನ್ನು ಕುರ್ಚಿಯ ಮೇಲಿಟ್ಟರು. ನಾನು ನೋಡದೆ ಕೂರಲು ಹೋದೆ.

"ಅಲ್ಲಿ ಬ್ಯಾಡ ಮಾರಾಯಾ, ಅಪ್ಪ ಕೂತಿದ್ದಾನೆ."

ಬಚ್ಚಲು

ಕಾರವಾರದ ಒಂದು ಮನೆಗೆ ಬಂದ ಗೋಡೆಗಳು ಅದಲುಬದಲಾದವು. ಜಗಲಿಯ ದೊಡ್ಡ ಕಿಟಕಿ ಬಚ್ಚಲಿಗೆ ಬಂತು, ರಸ್ತೆಗೆ ಮುಖ ಮಾಡಿ. ಮುಚ್ಚಲು ನನ್ನನ್ನು ಕರೆದರು.

"ಫ್ಯಾಕ್ಟರಿಯಲ್ಲಿ ಎಲ್ಲ ಸರಿ ಇತ್ತು" ಎಂದ ಸೂಪರ್‌ವೈಸರ್.

ಮನೆಯೊಡತಿ ಅಂದಳು, "ಹಂಗಾದ್ರೆ ನಾ ಮೀಯೂಕೆ ಫ್ಯಾಕ್ಟರಿಗೇ ಹೋಗ್ತೆ. ಬಸ್ಸು ಎಷ್ಟೊತ್ತಿಗದೆ?"

ನಮ್ಮದು

ಕೈಯಿಂದ ಕಟ್ಟುವ ನಮ್ಮದೂ ಏನು ದೊಡ್ಡದಲ್ಲ. ಮಳೆ ಬಂದರೆ ಕೆಲಸ ನಿಲ್ಲುತ್ತಿತ್ತು, ಮರಳು ಬರದಿದ್ದರೂ ನಿಲ್ಲುತ್ತಿತ್ತು. ಮಗಳ ಮದುವೆಗೆಂದು ಒಬ್ಬರು ಶುರು ಮಾಡಿಸಿದ ಮನೆ ಮೊಮ್ಮಗನ ತೊಟ್ಟಿಲಿಗೆ ಮುಗಿಯಿತು. ಹೆಂಡತಿಯ ತುಳಸಿಯಂತೂ ಪೇಂಟಿನ ಡಬ್ಬಿಯಲ್ಲೇ ಇತ್ತು.

"ನಮ್ಮ ಕಟ್ಟೆ ಯಾವಾಗ? ತುಳಸಿ ಮುದುಕಿಯಾಯ್ತು" ಅನ್ನುತ್ತಿದ್ದಳು.

ಕಟ್ಟೆ

ಅವಳು ಹಾಸಿಗೆ ಹಿಡಿದಳು. ಅಕ್ಕನಿಗೆ ಖುಷಿಯಾಗಲೆಂದು ಅವಳ ತಮ್ಮ ಹೆದ್ದಾರಿ ಬದಿಯಿಂದ ಸಿಮೆಂಟಿನ ರೆಡಿಮೇಡ್ ಕಟ್ಟೆ ತಂದ.

"ಮೂರು ತುಂಡು ಭಾವ. ಒಂದರ ಮೇಲೊಂದು ಇಟ್ರೆ ಮುಗೀತು."

ಅವಳು ಕಿಟಕಿಯಿಂದ ನೋಡಿದಳು. ಆಗ ಆಡಿದ್ದೇ ಆ ಕೊನೆಯ ಮಾತು. ಸಂಜೆ ಹೋದಳು. ಸುಟ್ಟು ಬಂದೆವು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಸಿಮೆಂಟು ಕಲಸಿದೆ. ಮಾತಾಡಿಸಲು ಬಂದವರು ಬಾಯಿ ಬಿಟ್ಟು ನಿಂತರು.

"ಸೂತಕದಲ್ಲಿ ತುಳಸಿ ಮುಟ್ಟೂಕಿಲ್ವೋ" ಎಂದರು ಹಿರಿಯರೊಬ್ಬರು.

"ಮುಟ್ಟಲಿಲ್ಲ. ಕಲ್ಲು ಮುಟ್ಟಿದ್ದು."

ದಾರ ಎಳೆಯಬೇಕು. ಒಂದು ತುದಿ ನಾನು ಹಿಡಿದೆ. ಇನ್ನೊಂದಕ್ಕೆ ಯಾರೂ ಇಲ್ಲ. ರೆಡಿಮೇಡ್ ಕಟ್ಟೆ ಅಲ್ಲೇ ಬಿದ್ದಿತ್ತು, ಆ ತುದಿಯನ್ನು ಅದಕ್ಕೆ ಕಟ್ಟಿದೆ.

ಅವಳ ತಮ್ಮ ಹತ್ತಿರ ಬಂದ. "ಭಾವ, ನಾ ತಂದದ್ದು ಬ್ಯಾಡವೇ ಆಯ್ತಾ?"

"ಇಲ್ಲ ಮಾರಾಯಾ. ಅಕ್ಕನ ಕೆಲಸಕ್ಕೇ ಹಚ್ಚಿದ್ದೇನೆ. ದಾರ ಚಲೋ ಹಿಡೀತದೆ. ಬೈಯೂದಿಲ್ಲ, ಅಷ್ಟೇ."