ಅತ್ತೆ ಕಾರಿಗೆ ನೈಟ್ರಸ್ ಹಾಕಿಸಿದ್ದು

ಕಾರಿನಲ್ಲಿ ಕೂತು ಹೆದರುವುದನ್ನು ಒಲಿಂಪಿಕ್ಸ್‌ಗೆ ಸೇರಿಸಿದರೆ ನಮ್ಮ ಸೋದರತ್ತೆ ದೇಶಕ್ಕೆ ಚಿನ್ನ ತರುವುದು ಖಂಡಿತ! ಧಾರವಾಡದಿಂದ ಜಾಲಹಳ್ಳಿಗೆ ಬಂದು, ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿ ನಿವೃತ್ತರಾದವರು. ಅವರ ಹಳೇ ಕಾರನ್ನು ಓಡಿಸುವುದು ಮಾಮ. ಪಕ್ಕದಲ್ಲಿ ಕೂತು ಇಲ್ಲದ ಬ್ರೇಕು ತುಳಿಯುವುದು ಅತ್ತೆ. ಸ್ಪೀಡಿನ ಮುಳ್ಳು ನಲವತ್ತರ ಕಡೆ ಸರಿದರೆ ಸಾಕು, “ಏನ್ರಿ, ವಿಮಾನ ಹಾರಸ್ಲಿಕ್ಕೆ ಹೊಂಟೀರೇನು?” ಮಾಮ ಪಾಪದ ಮನುಷ್ಯ. ಕಾರು ಮತ್ತೆ ಎತ್ತಿನ ಗಾಡಿಯಾಗುತ್ತಿತ್ತು.

ಇಂಥ ಅತ್ತೆ ಒಂದು ಭಾನುವಾರ ನನ್ನನ್ನು ಅಮೃತಹಳ್ಳಿಯಿಂದ ಕರೆಸಿ, ಅವಲಕ್ಕಿ ಬಡಿಸುತ್ತಾ ಹೇಳಿದರು: “ತಮ್ಮಾ, ಕಾರಿಗೆ ನೈಟ್ರಸ್ ಹಾಕಸೂದದ.”

ಅವಲಕ್ಕಿ ನನ್ನ ಗಂಟಲಲ್ಲೇ ನಿಂತಿತು. ರೇಸಿನ ಹುಚ್ಚಿನವರು ಎಂಜಿನ್ನಿಗೆ ಕೊಡುವ ಗ್ಯಾಸದು! ಗುಂಡಿ ಒತ್ತಿದರೆ ಕಾರು ಬಾಲಕ್ಕೆ ಬೆಂಕಿ ಬಿದ್ದಂತೆ ಹಾರುತ್ತದೆ.

“ಯಾಕತ್ತಿ?”

“ಕೇಳಬ್ಯಾಡ. ಬಾ ಅಂದ್ರ ಬರಬೇಕು.”

ಹೋದೆವು, ಯಶವಂತಪುರದ ಗ್ಯಾರೇಜಿಗೆ. ಮೆಕ್ಯಾನಿಕ್ ಉತ್ಸಾಹಿ. “ಆಪರೇಷನ್ ಟೈಮಲ್ಲಿ ಮೂಸಿಸ್ತಾರಲ್ಲ, ಅದೇ ಗ್ಯಾಸ್ ತಾನೆ ಮೇಡಂ? ಸಿಲಿಂಡರ್ ಕೂರ್ಸಿ ಪೈಪ್ ಎಳದ್ರೆ ಮುಗೀತು. ಸಂಜೆ ಬನ್ನಿ.”

ಅತ್ತೆಯ ಕಣ್ಣು ಕೆಂಪಾಯಿತು. ಮೂವತ್ತು ವರ್ಷ ಪಾಠ ಹೇಳಿದ ಬಾಯಿ, ಬಿಟ್ಟೀತೇ?

“ಈ ಗ್ಯಾಸ್ ಎಂಜಿನ್ನಿಗೆ ಆಕ್ಸಿಜನ್ ಜಾಸ್ತಿ ಕೊಡ್ತದ. ಊಟಕ್ಕ ಮಂದಿ ಜಾಸ್ತಿ ಬಂದಂಗ. ಆವಾಗ ರೊಟ್ಟಿನೂ ಜಾಸ್ತಿ ಬಡೀಬೇಕೋ ಬ್ಯಾಡೋ? ಪೆಟ್ರೋಲ್ ಕಡಿಮಿ ಬಿತ್ತಂದ್ರ ಆ ಬೆಂಕಿ ಪಿಸ್ಟನ್ನೇ ತಿಂತದ!”

ಮೆಕ್ಯಾನಿಕ್ಕಿಗೆ ಕೆಮಿಸ್ಟ್ರಿ ಎಷ್ಟು ಅರ್ಥವಾಯಿತೋ, ಹಸಿವಂತೂ ಆಯಿತು.

ಅಲ್ಲಿಂದ ಶುರುವಾಯಿತು ಎಂಜಿನ್ನಿನ ಉಪಚಾರ. ಮೊದಲು ಒಳಗಿನ ಒತ್ತಡದ ತಪಾಸಣೆ. ಪಿಸ್ಟನ್ ಆಡುವ ಸಿಲಿಂಡರುಗಳಲ್ಲಿ ಒಂದು ಸೋರುತ್ತಿದೆಯೆಂದು ಗೊತ್ತಾಗಿ ಎಂಜಿನ್ ಪೂರ್ತಿ ಬಿಚ್ಚಿಸಿದರು. ಗಟ್ಟಿ ಪಿಸ್ಟನ್ನು ಬಂತು, ದೊಡ್ಡ ಪೆಟ್ರೋಲ್ ಪಂಪು ಬಂತು, ಬೇಗ ಬಿಸಿಯೇರದ ಸ್ಪಾರ್ಕ್ ಪ್ಲಗ್ಗು ಬಂತು. ಗ್ಯಾಸ್ ಹೋಗುವಾಗ ಕಿಡಿ ಒಂದು ಕೂದಲೆಳೆ ತಡವಾಗಿ ಹಾರಬೇಕೆಂದು ಅದನ್ನೂ ತಿದ್ದಿಸಿದರು. ಇಷ್ಟಾದ ಮೇಲೆ ಬ್ರೇಕು! “ಓಡೂದು ಆಮ್ಯಾಲ, ನಿಲ್ಲೂದು ಮೊದಲ.”

“ಮದ್ವೆ ಹೆಣ್ಣನ್ನೂ ಇಷ್ಟ್ ನೋಡಲ್ಲ ಗುರು,” ಎಂದು ಮೆಕ್ಯಾನಿಕ್ ನನ್ನ ಕಿವಿಯಲ್ಲಿ ಗೊಣಗಿದ.

ಮಾಮನಿಗೆ ಒಂದೇ ಚಿಂತೆ. “ಅದು ನಗಸೂ ಗ್ಯಾಸಂತಲ್ಲ, ಸೋರಿದ್ರ ಇಬ್ರೂ ನಕ್ಕೋತ ಕೂಡೂದೇನು?”

“ನಗೂದೆಲ್ಲಿ ಬಂತ್ರಿ, ಉಸಿರು ಕಟ್ಟತದ!” ಎಂದ ಅತ್ತೆ, ಸೋರಿದರೆ ಗ್ಯಾಸು ಕಾರಿನ ಹೊರಗೆ ಹೋಗುವಂತೆ ಕೊಳವೆ ಹಾಕಿಸಿದರು. ಸಾಲದೆಂದು, ಗುಂಡಿ ಒತ್ತಿದರೂ ಆಕ್ಸಿಲರೇಟರ್ ಪೂರ್ತಿ ತುಳಿದಾಗ ಮಾತ್ರ ಗ್ಯಾಸ್ ಬಿಡುವ ಸ್ವಿಚ್ಚು ಬೇರೆ. ಹೆಬ್ಬಾಳದ ಫ್ಲೈಓವರ್ ಟ್ರಾಫಿಕ್ಕಿನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದ ಪುಣ್ಯಾತ್ಮ ಹುಟ್ಟಿದ್ದಾನೆಯೇ? ರಸ್ತೆಯಲ್ಲಿ ಬಳಸುವುದು ತಪ್ಪೆಂದು ಗ್ಯಾಸ್ ಸಿಲಿಂಡರನ್ನಂತೂ ಗ್ಯಾರೇಜಿನಲ್ಲೇ ಇಡಿಸಿದ್ದರು. ಹಾಗಾಗಿ ಇಷ್ಟೆಲ್ಲ ಸಿಂಗಾರವಾದ ಕಾರು ಹಿಂದಿನಂತೆಯೇ ತೆವಳುತ್ತಿತ್ತು. ಒಬ್ಬ ಆಟೋದವನು ಪಕ್ಕಕ್ಕೆ ಬಂದು, “ಅಂಕಲ್, ಗಾಡಿ ಕೆಟ್ಟೋಗಿದ್ಯಾ? ತಳ್ಬೇಕಾ?” ಎಂದು ಕೇಳಿಯೂ ಹೋದ!

ಕೊನೆಗೆ ಆ ದಿನ ಬಂತು. ಮಾಕಳಿಯಾಚೆ ಕಾರು ಓಡಿಸಲೆಂದೇ ಮಾಡಿದ ಖಾಸಗಿ ಟ್ರ್ಯಾಕು. ಮೆಕ್ಯಾನಿಕ್ ಸಿಲಿಂಡರ್ ಕೂರಿಸಿ ಬಿಗಿದ. ಬೆಂಕಿ ಆರಿಸುವ ಡಬ್ಬ ಹಿಡಿದು ನಿಲ್ಲುವುದು ನನ್ನ ಪಾಲಿಗೆ ಬಂತು. ಹೆಲ್ಮೆಟ್ ಹಾಕಿದ ಮಾಮ ಕುಂಬಳಕಾಯಿಯಂತೆ ಕಾಣುತ್ತಿದ್ದರು.

“ಈಗಾದ್ರೂ ಹೇಳು ಅತ್ತಿ, ಯಾಕಿದು?” ಎಂದೆ.

ಅತ್ತೆ ಮಾಮನಿಗೆ ಕೇಳಿಸದಷ್ಟು ದೂರ ನನ್ನನ್ನು ಎಳೆದೊಯ್ದರು. “ಹ್ವಾದ ವರ್ಷ ಇವರಿಗೆ ಪಿತ್ತದ ಕಲ್ಲಿನ ಆಪರೇಷನ್ ಆತಲ್ಲ. ಇನ್ನೂ ಮಂಪರಿನ್ಯಾಗಿದ್ರು. ನನ್ನ ನರ್ಸ್ ಅನ್ಕೊಂಡು ಹೇಳಿದ್ರೋ ತಮ್ಮಾ. ‘ಜೀವನದಾಗ ಒಮ್ಮೆರ ಜೋರಾಗಿ ಓಡಸಬೇಕಂತಿತ್ರಿ. ನಮ್ಮಾಕಿ ಹೆದರತಾಳಂತ ಬಿಟ್ಟೆ’ ಅಂದ್ರು. ಎಚ್ಚರಾದ ಮ್ಯಾಲ ಅವರಿಗೆ ನೆನಪೇ ಇಲ್ಲ. ನಾ ಹ್ಯಾಂಗ ಮರೀಲಿ?”

ನನ್ನ ಕೈಯಲ್ಲಿದ್ದ ಡಬ್ಬ ಯಾಕೋ ಭಾರವೆನಿಸಿತು.

ಅತ್ತೆ ಸೀರೆ ಸೆರಗು ಬಿಗಿದು ಕಾರಿನತ್ತ ನಡೆದರು.

“ನೀ ಬರಬ್ಯಾಡ, ಹೆದರತಿ,” ಎಂದರು ಮಾಮ.

“ನೀವು ಎರಡೂ ಕೈಲೆ ಸ್ಟೇರಿಂಗ್ ಹಿಡೀರಿ. ಗುಂಡಿ ನಾ ಒತ್ತತೀನಿ.”

ಕಾರು ಹೊರಟಿತು. ಮರುಕ್ಷಣ ಹುಚ್ಚು ಕುದುರೆಯಂತೆ ಮುನ್ನುಗ್ಗಿತು. ನೋಡನೋಡುತ್ತಾ ಆಚೆ ತುದಿ ಮುಟ್ಟಿ ನಿಂತಿತು. ನಿಂತೇ ಇತ್ತು. ಬಾಗಿಲು ತೆರೆಯಲೇ ಇಲ್ಲ. ನಾನು ಡಬ್ಬ ಹಿಡಿದೇ ಓಡಿದೆ.

ಒಳಗೆ ಮಾಮ ಮಗುವಿನಂತೆ ಬಿಕ್ಕುತ್ತಿದ್ದರು. ಅತ್ತೆ ಅವರ ಹೆಲ್ಮೆಟ್ ತೆಗೆದು, ಕನ್ನಡಕ ಬಿಚ್ಚಿ, ಸೆರಗಿನಿಂದ ಒರೆಸುತ್ತಿದ್ದರು. ಅತ್ತೆಯ ಕಾಲು ಮಾತ್ರ ಇನ್ನೂ ಇಲ್ಲದ ಬ್ರೇಕನ್ನು ತುಳಿದೇ ಇತ್ತು.

“ಸಾಕು. ನೀ ಭಾಳ ಹೆದರೀದಿ. ಮನಿಗೆ ಹೋಗೂಣು,” ಎಂದರು ಮಾಮ.

ಅತ್ತೆ ಕನ್ನಡಕವನ್ನು ಅವರ ಮೂಗಿನ ಮೇಲಿಟ್ಟರು. “ಗ್ಯಾಸ್ ಇನ್ನೂ ಅದರಿ. ಕಾರ್ ತಿರುಗಸ್ರಿ.”